ಸರಮೆಯ ಮಗ, ಮೂರನೇ ಮಹಡಿಯ ಮರಿ

ಮಹಾಭಾರತ ಮುಗಿಯುವಾಗ ಧರ್ಮರಾಯನ ಹಿಂದೆ ನಾಯಿಯೊಂದು ನಡೆದುಹೋಗುವುದು ಎಲ್ಲರಿಗೂ ಗೊತ್ತು. ಆದಿಪರ್ವದಲ್ಲಿ, ಕೌರವ ಪಾಂಡವರ ಕತೆ ಇನ್ನೂ ಶುರುವಾಗುವ ಮುಂಚೆಯೇ, ಇನ್ನೊಂದು ನಾಯಿ ಬಂದುಹೋಗುತ್ತದೆ. ಅದನ್ನು ನೆನೆಯುವವರು ಕಡಿಮೆ. ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘಸತ್ರ ನಡೆಸುತ್ತಿದ್ದಾನೆ. ದೇವಲೋಕದ ನಾಯಿ ಸರಮೆಯ ಮಗ ಅಲ್ಲಿಗೆ ಬರುತ್ತಾನೆ. ಜನಮೇಜಯನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಅವನನ್ನು ಹಿಡಿದು ಬಡಿಯುತ್ತಾರೆ. ಅಳುತ್ತ ತಾಯಿಯ ಹತ್ತಿರ ಓಡಿದವನು ಹೇಳುವುದು ಇಷ್ಟೇ: ನಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ. ಸರಮೆ ಯಾಗಶಾಲೆಗೇ ಬಂದು, ತಪ್ಪು ಮಾಡದವನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉಸಿರೆತ್ತುವುದಿಲ್ಲ. ಕಾಣದ ಭಯವೊಂದು ನಿನ್ನನ್ನು ಮುತ್ತಲಿ ಎಂದು ಜನಮೇಜಯನಿಗೆ ಶಾಪ ಕೊಟ್ಟು ಹೋಗುತ್ತಾಳೆ.

ಹೈದರಾಬಾದಿನ ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ತಲೆಯ ಮೇಲಿನ ಮನೆಗೆ ಒಂದು ಶಿಟ್ಜು ಮರಿ ಬಂದ ಮೇಲೆ ಈ ಪ್ರಸಂಗವನ್ನು ಮತ್ತೆ ತೆಗೆದು ಓದಿದೆ. ಮನೆಯವರು ಕಲಬುರಗಿ ಕಡೆಯವರು. ಗಂಡನಿಗೆ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರಿ, ಸೊಸೆಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ, ಜೊತೆಗೆ ಎಪ್ಪತ್ತು ದಾಟಿದ ಅತ್ತೆ. ಮರಿ ಒಂದು ಕೆಜಿಯೂ ತೂಗುತ್ತಿರಲಿಲ್ಲ. ಅಂಗೈಯಲ್ಲಿ ಕೂರುವ ಆ ಜೀವದಿಂದ ಆ ಮನೆಯಲ್ಲಿ ಎದ್ದ ಗಲಾಟೆ ಮಾತ್ರ ಎರಡು ಮಹಡಿಗೆ ಕೇಳುತ್ತಿತ್ತು. ಬೆಳಿಗ್ಗೆ ಕೆಲಸದಾಕೆಯ ತೆಲುಗು, "ಮಳ್ಳಿ ಪೋಸಿಂದಮ್ಮಾ!" ಮತ್ತೆ ಹೊಯ್ದಿತು ಎಂದು. ಆಮೇಲೆ ಸೊಸೆಯ ದನಿ. ಆಮೇಲೆ ಸುತ್ತಿದ ಪೇಪರಿನಿಂದ ನೆಲಕ್ಕೆ ಫಟಾರನೆ ಬಡಿದ ಸದ್ದು.

ನಮ್ಮ ಹಿರಿಯರಿಗೆ ಈ ಪೇಚಾಟ ಇರಲಿಲ್ಲ. ಕಾರಣ ಸರಳ, ನಾಯಿ ಹೊಸಿಲು ದಾಟುತ್ತಲೇ ಇರಲಿಲ್ಲ. ಅಂಗಳ, ಹಿತ್ತಿಲು, ಹೆಚ್ಚೆಂದರೆ ಜಗಲಿಯ ಮೂಲೆ. ಇಲ್ಲಿಂದ ಮುಂಬಯಿ ರಸ್ತೆ ಹಿಡಿದರೆ ಸಿಗುವ ಬಸವಕಲ್ಯಾಣದಲ್ಲಿ ಕೂತು ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೇ ಮೀಸಲಾದ ವಿನೋದವೊಂದು ಇದೆ. ಅದು ಬೇಟೆನಾಯಿಯ ಲೋಕ. ಚಾಲುಕ್ಯ ಚಕ್ರವರ್ತಿಯ ನಾಯಿ ಎಲ್ಲಿ ಕಾಲೆತ್ತಿತು ಎಂದು ತಲೆಕೆಡಿಸಿಕೊಳ್ಳುವ ಸಂದರ್ಭವೇ ಅಲ್ಲಿ ಬಂದಿರಲಾರದು. ತಾರ್ನಾಕದಲ್ಲೂ ಹಾಗೆಯೇ ಇತ್ತು. ಯೂನಿವರ್ಸಿಟಿ ಮೇಷ್ಟ್ರುಗಳು, ರೈಲ್ವೆ ಅಧಿಕಾರಿಗಳು ಕಟ್ಟಿಸಿದ ಮನೆಗಳಿಗೆ ಕಾಂಪೌಂಡಿತ್ತು, ಸೀಬೆ ಗಿಡವಿತ್ತು, ಗಿಡದ ಬುಡವಿತ್ತು. ಆ ಮನೆಗಳು ಒಂದೊಂದೇ ಬಿದ್ದು ಐದು ಅಂತಸ್ತು ಎದ್ದವು. ನಾಯಿ ಒಳಗೆ ಬಂತು, ಮಣ್ಣು ಹೊರಗೇ ಉಳಿಯಿತು. ನಾಯಿಯೂ ಫ್ಲಾಟಿಗೆ ತಕ್ಕ ಅಳತೆಯದಾಯಿತು.

ಅಳತೆ ಕುಗ್ಗಿದ ಮಾತ್ರಕ್ಕೆ ಒಳಗಿನದು ಬದಲಾಗಿಲ್ಲ. ನಾಯಿಯ ಮೈಯಳತೆಯನ್ನು ನಿರ್ಧರಿಸುವುದರಲ್ಲಿ ಐಜಿಎಫ್-1 ಎಂಬ ಒಂದೇ ಜೀನಿನ ಪಾಲು ತುಂಬ ದೊಡ್ಡದು ಎಂದು 2007ರಲ್ಲಿ ಗೊತ್ತಾಯಿತು. ಗಿಡ್ಡತನದ ಆ ರೂಪ 54 ಸಾವಿರ ವರ್ಷ ಹಿಂದಿನ ತೋಳದಲ್ಲೇ ಇತ್ತೆಂದು 2022ರಲ್ಲಿ ತಿಳಿಯಿತು. ಅಂದರೆ ಸೋಫಾದ ಮೇಲೆ ಮಲಗುವ ಈ ಗೊಂಬೆ ಗವಿಯಲ್ಲಿ ಹುಟ್ಟುವ ಕುಲದ್ದೇ. ಗವಿಯಲ್ಲಿ ಹುಟ್ಟುವ ಪ್ರಾಣಿಗೆ ಮಲಗುವ ಜಾಗ ಹೊಲಸಾಗಬಾರದು. ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ಹೊಟ್ಟೆಯ ಕೆಳಗೆ ನೆಕ್ಕಿದರೆ ಮಾತ್ರ ಬರುತ್ತದೆ, ಬಂದದ್ದನ್ನು ತಾಯಿಯೇ ನೆಕ್ಕಿ ಚೊಕ್ಕ ಮಾಡುತ್ತದೆ. ಮೂರು ವಾರ ಆಗುತ್ತಿದ್ದಂತೆ ಮರಿ ತೆವಳಿಕೊಂಡು ಹಾಸಿಗೆಯಿಂದ ಆಚೆ ಹೋಗತೊಡಗುತ್ತದೆ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಮರಿಗಳನ್ನು ಗಮನಿಸಿದ ಸ್ಕಾಟ್ ಮತ್ತು ಫುಲ್ಲರ್ 1965ರ ತಮ್ಮ ಪುಸ್ತಕದಲ್ಲಿ ಹೇಳಿದಂತೆ, ಎಂಟೂವರೆ ವಾರದ ಹೊತ್ತಿಗೆ ಅದು ತನ್ನದೇ ಒಂದು ಜಾಗ ಗೊತ್ತು ಮಾಡಿಕೊಳ್ಳುತ್ತದೆ.

ನಮ್ಮಲ್ಲಿ ಮರಿ ಮಾರುವುದು ಎಷ್ಟು ದಿನಕ್ಕೆ? ಯಾವ ಮಾರಾಟಗಾರನನ್ನು ಕೇಳಿದರೂ ಒಂದೇ ಉತ್ತರ, ನಲವತ್ತೈದು ದಿನ. 2017ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಅಂದರೆ ಐವತ್ತಾರು ದಿನ. ನಡುವಿನ ಆ ಹನ್ನೊಂದು ದಿನ ಮುದ್ದಿನ ವ್ಯಾಪಾರಕ್ಕೆ ನಷ್ಟ, ಮರಿಗೆ ಪಾಠಶಾಲೆ. ಇದಕ್ಕಿಂತ ಕೆಟ್ಟದ್ದು ತಂತಿಯ ಪಂಜರ. ಉಂಡಲ್ಲೇ, ಮಲಗಿದಲ್ಲೇ ಎಲ್ಲವನ್ನೂ ಮಾಡಬೇಕಾಗಿ ಬಂದ ಮರಿಗೆ ಹುಟ್ಟಿನಿಂದ ಬಂದ ಹೇಸಿಗೆಯೇ ಸತ್ತುಹೋಗಿರುತ್ತದೆ. ಅಂಥದ್ದನ್ನು ಹಣ ಕೊಟ್ಟು ತಂದು, "ಈ ಜಾತಿ ನಾಯಿಗೆ ಬುದ್ಧಿ ಕಮ್ಮಿ" ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ಹಾಸಿಗೆ ಕೆಡಿಸಬಾರದು ಎನ್ನುವುದು ಮರಿಗೆ ಗೊತ್ತು. ಹಾಸಿಗೆ ಎಲ್ಲಿಗೆ ಮುಗಿಯಿತು ಎನ್ನುವುದರಲ್ಲಿ ಮಾತ್ರ ಅದಕ್ಕೂ ನಮಗೂ ಲೆಕ್ಕ ಬೇರೆ. ಒಂದು ಕೆಜಿಯ ಮರಿಗೆ ಮೂರು ಬೆಡ್‌ರೂಮಿನ ಫ್ಲಾಟ್ ಒಂದು ಸೀಮೆ. ತನ್ನ ಹಾಸಿಗೆಯಿಂದ ಹತ್ತು ಅಡಿ ದೂರದ ಸೋಫಾದ ಹಿಂಭಾಗಕ್ಕೆ ಹೋಗಿ ಬಂದರೆ, ಅದರ ಪಾಲಿಗೆ ಊರ ಹೊರಗೆ ಹೋಗಿ ಬಂದ ಹಾಗೆಯೇ. ಅಂದ ಮೇಲೆ ಮೊದಲ ದಿನವೇ ಇಡೀ ಮನೆ ಬಿಟ್ಟುಕೊಡಬಾರದು. ಒಂದು ಮೂಲೆಗೆ ತಡೆ ಹಾಕಿ, ಒಂದು ತುದಿಗೆ ಹಾಸಿಗೆ, ಇನ್ನೊಂದು ತುದಿಗೆ ಪೇಪರು. ಅದು ಸರಿಹೋದ ಮೇಲೆ, ಯಾರಾದರೂ ಕಣ್ಣಿಟ್ಟಿರುವಾಗ, ಒಂದು ಕೋಣೆ. ಆಮೇಲೆ ಇನ್ನೊಂದು. ಮನೆ ಎಂಬುದು ಮರಿಯ ತಲೆಯೊಳಗೆ ಹೀಗೆ ಒಂದೊಂದೇ ಕೋಣೆಯಾಗಿ ದೊಡ್ಡದಾಗಬೇಕು.

ಬೈಗುಳದಿಂದ ಇದು ಆಗುವುದಿಲ್ಲ. ಸೊಸೆ ಒಮ್ಮೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದಳು: "ಕಾಕಾ, ತಪ್ಪು ಮಾಡೀನಿ ಅಂತ ಅದಕ್ಕ ಗೊತ್ತದ ನೋಡ್ರಿ. ನಾ ಹೋದ ಕೂಡ್ಲೇ ಕಿವಿ ಹಿಂದ ಹಾಕ್ಕೊಂಡು, ಕಣ್ಣು ತಪ್ಪಸ್ತದ." ಈ 'ಗೊತ್ತದ' ಎಂಬುದನ್ನೇ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪರೀಕ್ಷೆಗೆ ಒಡ್ಡಿದ್ದರು. 14 ನಾಯಿಗಳ ಮುಂದೆ ತಿನಿಸಿಟ್ಟು, ಮುಟ್ಟಬೇಡ ಎಂದು ಹೇಳಿ ಒಡೆಯರು ಹೊರಗೆ ಹೋಗಬೇಕು. ವಾಪಸು ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂದು ಕೆಲವರಿಗೆ ನಿಜ ಹೇಳಿದರು, ಕೆಲವರಿಗೆ ಸುಳ್ಳು. ತಿಂದ ನಾಯಿ, ತಿನ್ನದ ನಾಯಿ ಎಂಬ ಭೇದ ಮುಖದಲ್ಲಿ ಕಾಣಲಿಲ್ಲ. ಬೈಸಿಕೊಂಡ ನಾಯಿಯೆಲ್ಲ ಅಪರಾಧಿಯ ಮುಖ ಹಾಕಿತು. ಎಲ್ಲಕ್ಕಿಂತ ಹೆಚ್ಚು ಹಾಕಿದ್ದು ಏನನ್ನೂ ಮುಟ್ಟದೆ ಸುಮ್ಮಸುಮ್ಮನೆ ಬೈಸಿಕೊಂಡ ನಾಯಿ. ಹವಿಸ್ಸಿನ ಕಡೆ ನೋಡಲೂ ಇಲ್ಲ ಎಂದ ಸರಮೆಯ ಮಗನ ಸ್ಥಿತಿಯೇ ಇದು. ಹತ್ತು ನಿಮಿಷದ ಹಿಂದಿನ ಉಚ್ಚೆಗೂ ಈಗಿನ ಏಟಿಗೂ ಮರಿ ಗಂಟು ಹಾಕಲಾರದು. ಅದು ಕಲಿಯುವ ಪಾಠ ಬೇರೆ: ಈ ಹೆಂಗಸು ಇರುವಾಗ ಹೊಯ್ಯಬಾರದು. ಆಮೇಲೆ ಅದು ಮಂಚದ ಕೆಳಗೆ, ಪರದೆಯ ಹಿಂದೆ ಹೋಗುತ್ತದೆ. ಪೇಪರಿನ ಮೇಲೆ ಹೊಯ್ಯಲಿ ಎಂದು ನಾವು ಎದುರು ನಿಂತರೆ ನಮ್ಮ ಮುಖವನ್ನೇ ನೋಡುತ್ತ ಬಿಗಿಹಿಡಿಯುತ್ತದೆ.

ಆ ಮನೆಯಲ್ಲಿ ಇದಕ್ಕೆ ಪರಿಹಾರ ಬಂದದ್ದು ಅತ್ತೆಯಿಂದ. ನಾಯಿ ಒಳಗೆ ಬಂದರೆ ತಾನು ಕಲಬುರಗಿಗೆ ಹೋಗುತ್ತೇನೆಂದು ಕೂತವರು ಅವರೇ. ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಮರಿ ನಿದ್ದೆಯಿಂದ ಎದ್ದು, ಮುಂಗಾಲು ಚಾಚಿ ಮೈಮುರಿದು, ಮೂರು ಹೆಜ್ಜೆ ಇಟ್ಟು ಮೂಗನ್ನು ನೆಲಕ್ಕೆ ತಂದಿತು. ಟಿವಿ ನೋಡುತ್ತಿದ್ದ ಮುದುಕಿ ತಲೆ ತಿರುಗಿಸದೆಯೇ ಕೈ ಚಾಚಿ ಅದನ್ನೆತ್ತಿ ಪೇಪರಿನ ಮೇಲಿಟ್ಟು, ನಾಲಿಗೆಯನ್ನು ಹಲ್ಲಿಗೊತ್ತಿ "ಸ್ಸ್ಸ್" ಎಂದರು. ಮರಿ ಹೊಯ್ದಿತು. "ಕೂಸಿದ್ದಂಗ ಅದ ಇದು," ಎಂದರು ನನಗೆ, "ಎದ್ದ ಕೂಡ್ಲೇ, ಉಂಡ ಕೂಡ್ಲೇ, ಆಡಿ ಬಂದ ಕೂಡ್ಲೇ. ಬೈದ್ರ ಏನು ತಿಳೀತದ ಅದಕ್ಕ?"

ಪಾದಗಳ ನಡುವೆ ಕೂಸನ್ನು ಕೂರಿಸಿಕೊಂಡು ಸದ್ದು ಮಾಡಿ ಹೊಯ್ಯಿಸುವುದನ್ನು ನೋಡದೆ ಬೆಳೆದ ಕನ್ನಡಿಗರು ನನ್ನ ತಲೆಮಾರಿನಲ್ಲಿ ಇರಲಿಕ್ಕಿಲ್ಲ. ಪಾವ್ಲೋವನಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಸದ್ದಿಗೂ ಜೊಲ್ಲಿಗೂ ಇರುವ ನಂಟು ಹೊರಬಿದ್ದದ್ದು ಆ ಕೆಲಸದ ಜೊತೆಗೇ. ನಮ್ಮ ಬಾಣಂತಿಕೋಣೆಗಳಲ್ಲಿ ಅದು ಯಾವ ಪದಕವೂ ಇಲ್ಲದೆ ನಡೆದುಕೊಂಡು ಬಂದಿತ್ತು, ಡಯಾಪರ್ ಬರುವ ತನಕ. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳಿಗೆ ಚಲನೆ ಬರುವುದು ಕೂಸಿಗೂ ಮರಿಗೂ ಒಂದೇ. ಉಂಡು ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಕಣ್ಣಿಟ್ಟಿರಬೇಕು. ಕೆಲಸ ಆದ ಮರುಕ್ಷಣ, ಅಲ್ಲೇ, ಒಂದು ಚೂರು ತಿನಿಸು. ಐದು ನಿಮಿಷ ಬಿಟ್ಟು ಕೊಟ್ಟರೆ ಅದು ಯಾತಕ್ಕೋ ಸಂಬಳ.

ಪೇಪರಿನ ವಿಷಯದಲ್ಲಿ ಮಾತ್ರ ಅತ್ತೆ ಸುಲಭಕ್ಕೆ ಒಪ್ಪಲಿಲ್ಲ. "ಅಕ್ಷರದ ಮ್ಯಾಲ ಉಚ್ಚಿ ಹೊಯ್ಸೂದೇನು? ಸರಸ್ವತಿ ಅದು." ಭಾಷೆ ಯಾವುದಾದರೂ ಅವರಿಗೆ ಒಂದೇ, ತೆಲುಗು ಪೇಪರೂ ಬೇಡ, ಇಂಗ್ಲಿಷೂ ಬೇಡ. ಅಂಕಣ ಬರೆದು ಬದುಕುವ ನನಗೆ ಮನಸ್ಸಿನಲ್ಲೇ ಸಮಾಧಾನವಾಯಿತು ಎಂದು ಹೇಳಬೇಕಿಲ್ಲ. ಕೊನೆಗೆ ರಾಜಿ ಆದದ್ದು ಹೀಗೆ: ಇಡೀ ಪುಟದ ರಿಯಲ್ ಎಸ್ಟೇಟ್ ಜಾಹೀರಾತು ನಡೆಯುತ್ತದೆ, ಅದರಲ್ಲಿ ಅಕ್ಷರ ಕಡಿಮೆ, ಬರೀ ಚಿತ್ರ. ಹೈದರಾಬಾದಿನ ಪತ್ರಿಕೆಗಳಲ್ಲಿ ಅವಕ್ಕೇನು ಬರ. ಕೋಕಾಪೇಟೆಯ ಮುಗಿಲೆತ್ತರದ ಕಟ್ಟಡಗಳು, ಅವುಗಳ ಈಜುಕೊಳ, ಕ್ಲಬ್ ಹೌಸ್ ಎಲ್ಲ ದಿನಕ್ಕೆ ಹತ್ತು ಹನ್ನೆರಡು ಸಲ ತೊಯ್ದವು. ಸ್ವಲ್ಪ ಒದ್ದೆಯಾದ ಒಂದು ತುಂಡನ್ನು ಹೊಸ ಹಾಳೆಯ ಅಡಿಗೆ ಬಿಟ್ಟರೆ ಮರಿಯ ಮೂಗು ತಾನೇ ದಾರಿ ಹಿಡಿಯುತ್ತದೆ ಎಂಬುದನ್ನೂ ಅವರೇ ಕಂಡುಕೊಂಡರು.

ಅದೇ ಮೂಗಿನ ಕಾರಣಕ್ಕೆ ತಪ್ಪಾದ ಜಾಗದ ವಾಸನೆ ಪೂರ್ತಿ ಹೋಗಬೇಕು. ನಮ್ಮ ಮನೆಗಳ ಫಿನೈಲು ನಮ್ಮ ಮೂಗನ್ನು ಮುಚ್ಚುತ್ತದೆ, ಅದರದನ್ನಲ್ಲ. ನೆಲ ನೆಕ್ಕುವ ಚಿಕ್ಕ ಮರಿಗೆ ಅದು ವಿಷವೂ ಹೌದು. ಅಮೋನಿಯಾ ಇರುವ ದ್ರಾವಣ ಇನ್ನೂ ಅಪಾಯ, ಉಚ್ಚೆ ಹಳತಾದಾಗ ಬರುವ ವಾಸನೆಯೇ ಅದು; ಹಾಕಿದರೆ "ಇಲ್ಲೇ ಬಾ" ಎಂದು ಬೋರ್ಡು ನೆಟ್ಟಂತೆ. ಎಂಜೈಮ್ ಇರುವ ಕ್ಲೀನರ್ ಒಳ್ಳೆಯದು. ಸಿಗದಿದ್ದರೆ ನೀರು ಬೆರೆಸಿದ ವಿನೆಗರ್ ಸಾಕು.

ಊಟದ ವಿಷಯಕ್ಕೆ ಬಂದರೆ, ದೇಶದ ಆಹಾರದ ಲೆಕ್ಕ ಇಡುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1958ರಲ್ಲಿ ಕೂನೂರಿನಿಂದ ಬಂದು ನೆಲೆಸಿದ್ದು ನಮ್ಮ ತಾರ್ನಾಕದಲ್ಲೇ. ಅದರ ನೆರೆಯಲ್ಲೇ ಇದ್ದುಕೊಂಡು ಮರಿಗೆ ಮಾತ್ರ ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಉಣಿಸುತ್ತೇವೆ. ಹಾಲು ಒಗ್ಗದೆ ಹೊಟ್ಟೆ ಕೆಟ್ಟರೆ ಯಾವ ತರಬೇತಿಯೂ ನಿಲ್ಲುವುದಿಲ್ಲ. ಹಾಗೆಂದು, ಹೊಯ್ಯುವುದು ಕಡಿಮೆಯಾಗಲಿ ಎಂದು ಊಟ ನೀರು ಕಡಿತ ಮಾಡುವುದು ಇನ್ನೂ ತಪ್ಪು. ಈ ಪುಟ್ಟ ಜಾತಿಗಳಲ್ಲಿ ಮೂರು ತಿಂಗಳೊಳಗಿನ ಮರಿ ಹಸಿದರೆ ರಕ್ತದ ಸಕ್ಕರೆ ಇಳಿದು ನಡುಗಿ ಬೀಳುತ್ತದೆ, ಸಾಯಲೂಬಹುದು. ದಿನಕ್ಕೆ ನಾಲ್ಕೈದು ಸಲ ಉಣಿಸಲೇಬೇಕು. ಉಣಿಸಿದಷ್ಟು ಸಲ ಪೇಪರಿಗೆ ಒಯ್ಯಲೂಬೇಕು. ಹಗಲು ಮನೆಯಲ್ಲಿ ಯಾರೂ ಇರದವರು ಈ ವಯಸ್ಸಿನ ಮರಿಯನ್ನು ತರಬಾರದು ಎಂದು ನೇರವಾಗಿ ಹೇಳಿಬಿಡುತ್ತೇನೆ. ಒಂದೆರಡು ವರ್ಷದ ನಾಯಿಯನ್ನು ತನ್ನಿ.

ವಿದೇಶದ ಪುಸ್ತಕಗಳು ಹೇಳುವಂತೆ ಮೊದಲ ದಿನದಿಂದಲೇ ಹೊರಗೆ ಹುಲ್ಲಿಗೆ ಒಯ್ಯೋಣ ಎಂದರೆ ಇಲ್ಲಿ ಪಾರ್ವೋ ಅಡ್ಡ ಬರುತ್ತದೆ. 1978ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬೀದಿನಾಯಿ ತಿರುಗಾಡದ ಒಂದು ಅಡಿ ಜಾಗವೂ ತಾರ್ನಾಕದ ರಸ್ತೆಗಳಲ್ಲಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಲಸಿಕೆಯ ಸರಣಿ ಮುಗಿಯುವ ತನಕ ಮರಿಯ ಕಾಲು ನೆಲಕ್ಕೆ ತಾಗಬಾರದು ಎನ್ನುತ್ತಾರೆ ಡಾಕ್ಟರು. ಅಲ್ಲಿಯವರೆಗೆ ಪೇಪರು, ಆಮೇಲೆ ಬಾಲ್ಕನಿಯ ಹುಲ್ಲಿನ ಟ್ರೇ, ಕೊನೆಗೆ ಬೀದಿ. ಎರಡು ಸಲ ಪಾಠ ಬದಲಾಗುತ್ತದೆ, ಅಷ್ಟೂ ಸಲ ಗೊಂದಲ. ಅದಿಲ್ಲದೆ ಗತಿಯಿಲ್ಲ.

ನಾಯಿಗಳ ಈ ವ್ಯವಹಾರವನ್ನು ವಿಜ್ಞಾನ ಕೀಳಾಗಿ ನೋಡಿಲ್ಲ ಎಂಬುದು ನನಗೊಂದು ಖುಷಿ. 37 ಜಾತಿಯ 70 ನಾಯಿಗಳು 1,893 ಸಲ ಕಕ್ಕ, 5,582 ಸಲ ಉಚ್ಚೆ ಮಾಡಿದ್ದನ್ನು ಎರಡು ವರ್ಷ ಬರೆದಿಟ್ಟ ಯುರೋಪಿನ ತಂಡವೊಂದು, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ ದಕ್ಷಿಣಕ್ಕೆ ಮೈಯಿಟ್ಟು ಕೂರುತ್ತವೆ ಎಂದು 2013ರಲ್ಲಿ ಪ್ರಕಟಿಸಿತು. ಮರುವರ್ಷ ಅದಕ್ಕೆ, ನಗೆ ತರಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಂತು. ಮೇಲಿನ ಮನೆಯ ಮರಿ ಸುತ್ತು ಹೊಡೆಯುವುದು ವಾಸ್ತು ನೋಡುವುದಕ್ಕೇ ಎಂದು ನಾನು ಹೇಳಿದ್ದನ್ನು ಅತ್ತೆ ತಮಾಷೆ ಎಂದು ತಿಳಿಯಲಿಲ್ಲ.

ದೊಡ್ಡ ನಾಯಿಗಿಂತ ಪುಟ್ಟ ನಾಯಿಗೆ ಇದೆಲ್ಲ ತಡವಾಗಿ ಬರುತ್ತದೆಂದು ಸಾಕಿದವರೆಲ್ಲ ಹೇಳುತ್ತಾರೆ. ಉಚ್ಚೆಯ ಚೀಲ ಚಿಕ್ಕದು, ನಿಜ. ಆದರೆ ಅರ್ಧ ತಪ್ಪು ನಮ್ಮದೇ. ಲ್ಯಾಬ್ರಡಾರ್ ಹೊಯ್ದರೆ ಕೋಣೆಯೇ ಕೆರೆ, ಆ ದಿನವೇ ಏನಾದರೂ ಮಾಡಲೇಬೇಕು. ಇದು ಹೊಯ್ಯುವುದು ಎರಡು ಚಮಚ. ಕಾಲೊರಸಿನ ತುದಿಯಿಂದ ಒರೆಸಿ ಮುಂದೆ ಹೋಗುತ್ತೇವೆ. ಹಾಗೆ ಒರೆಸುತ್ತಲೇ ವರ್ಷ ಕಳೆಯುತ್ತದೆ. ಸಂಜೆ ಯಜಮಾನ ಬಾಗಿಲು ತೆರೆದೊಡನೆ ಸಂತೋಷಕ್ಕೆ ನಾಲ್ಕು ಹನಿ ಬೀಳುವುದು ಬೇರೆ ಲೆಕ್ಕ. ಅದು ತರಬೇತಿಯ ಕೊರತೆಯಲ್ಲ, ಹಿಡಿತವಿಲ್ಲದ ಹಿಗ್ಗು. ಬೈದರೆ ಹೆಚ್ಚುತ್ತದೆ. ನೋಡದವರಂತೆ ಒಳಗೆ ಬಂದು ಎರಡು ನಿಮಿಷ ಬಿಟ್ಟು ಮಾತಾಡಿಸಿದರೆ ವಯಸ್ಸಿನ ಜೊತೆ ನಿಲ್ಲುತ್ತದೆ.

ಈಗ ಆ ಮರಿಗೆ ಏಳು ತಿಂಗಳು. ಬೆಳಿಗ್ಗೆ ಆರಕ್ಕೆ ಉಸ್ಮಾನಿಯಾ ಕ್ಯಾಂಪಸ್ಸಿಗೆ ವಾಕಿಂಗ್ ಹೋಗುವವರ ಸಾಲಿನಲ್ಲಿ ಅದೂ ಇರುತ್ತದೆ, ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದ ಸೊಸೆ. ದಾರಿಯಲ್ಲಿ ಅದು ತಪ್ಪಿಯೂ ಕಾಲೆತ್ತದ ಗೋಡೆಯ ಮುಂದೆ ಬೈಕು ನಿಲ್ಲಿಸಿ ನಿಂತಿರುವ ಗಂಡಸರನ್ನು ಅವಳು ಮುಖ ತಿರುಗಿಸಿ ದಾಟುತ್ತಾಳೆ. ಇನ್ನು ಬಾಲ್ಕನಿಯ ಟ್ರೇ ಯಾಕೆ, ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವಳು ತೆಗೆದರೆ ಅತ್ತೆ ಬಿಡಲಿಲ್ಲ. ಅವರು ಹೇಳುವುದು ಸರಿ. ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ ಪ್ರಾಣಿ, ಜುಲೈ ಮಳೆಯಲ್ಲಿ ಒದ್ದೆ ರಸ್ತೆಗೆ ಕಾಲಿಡಲು ಸುತರಾಂ ಒಪ್ಪುವುದಿಲ್ಲ; ಛತ್ರಿ ಹಿಡಿದರೂ ಗೇಟಿನಿಂದ ವಾಪಸು ಬಂದು ಒಳಗೇ ಕೂರುತ್ತದೆ. "ಇರ್ಲಿ ಬಿಡವಾ, ಮಳಿಗಾಲ ಕಳೀಲಿ," ಎಂದು ಅವರು ಟ್ರೇ ತೊಳೆದು ಗೋಡೆಗೆ ಒರಗಿಸಿದ್ದಾರೆ.