ಯಾವಾಗಲೂ ಉರಿಯುವ ದೀಪ

"ಅದು ಅಪ್ಪಡಿತಾನ್ ಇರುಕ್ಕುಂ ಸಾರ್." ಅದು ಹಾಗೇ ಇರುತ್ತೆ ಸಾರ್, ತಲೆ ಕೆಡಿಸಿಕೊಳ್ಳಬೇಡಿ ಅಂತ ಅರ್ಥ. 2019ರಲ್ಲಿ ನಾನು ನನ್ನ ಹಳೆಯ ಸ್ಪೋರ್ಟ್ಸ್ ಕಾರು ಕೊಂಡಾಗ, ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿದ್ದ ಹಳದಿ ದೀಪ ತೋರಿಸಿ ಕೇಳಿದ್ದಕ್ಕೆ ಬ್ರೋಕರ್ ಕೊಟ್ಟ ಉತ್ತರ ಅದು. ಕುದುರೆ ಲಾಳದಂಥ ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರಿನ ಗಾಳಿಯ ದೀಪ. ನಾಲ್ಕೂ ಟೈರಿನ ಗಾಳಿ ನೋಡಿಸಿದೆ, ಸರಿಯಾಗಿಯೇ ಇತ್ತು. ಹಾಗಾದರೆ ದೀಪಕ್ಕೇ ಏನೋ ಕಾಯಿಲೆ ಅಂದುಕೊಂಡು ಸುಮ್ಮನಾದೆ.

ಕಾರಿನ ಬಗ್ಗೆ ಎರಡು ಮಾತು. 2011ರದು, ಎರಡೇ ಬಾಗಿಲು. ಹಿಂದಿನ ಸೀಟು ಹೆಸರಿಗೆ ಮಾತ್ರ. ಸ್ಟೆಪ್ನಿ ಇಲ್ಲ, ಡಿಕ್ಕಿಯಲ್ಲಿ ಒಂದು ಪುಟ್ಟ ಕಂಪ್ರೆಸರ್ ಮತ್ತು ಪಂಕ್ಚರ್ ಮುಚ್ಚುವ ದ್ರವದ ಬಾಟಲಿ. ವೇಳಚ್ಚೇರಿಯ ಅಪಾರ್ಟ್‌ಮೆಂಟಿನಲ್ಲಿ ವಾರವಿಡೀ ಹೊದಿಕೆ ಹೊದ್ದು ನಿಂತಿರುತ್ತದೆ, ಭಾನುವಾರ ಇಸಿಆರ್ ಕಡೆ ಒಂದು ಸುತ್ತು. ಮನೆಯಾಕೆ ಅದನ್ನು "ನಿಮ್ಮ ಎರಡನೇ ಸಂಸಾರ" ಅನ್ನುತ್ತಾಳೆ.

ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಮಧ್ಯಾಹ್ನ ಒಂದೂವರೆಗೆ ಒಳಗೆ ಕರೆದುಕೊಂಡು ಹೋಗುತ್ತಾರೆ ಅಂತ ಅಕ್ಕ ಫೋನು ಮಾಡಿದ್ದಳು. "ನೀನು ಬಂದ ಮೇಲೇ ಒಳಗೆ ಹೋಗ್ತೀನಿ ಅಂತಿದ್ದಾರೆ ಕಣೋ ಅಮ್ಮ" ಅಂದಳು. ಮನೆಯ ದೊಡ್ಡ ಕಾರು ಸರ್ವಿಸ್‌ಗೆ ಹೋಗಿತ್ತು. ಸರಿ, ಇದರಲ್ಲೇ ಹೋಗೋಣ ಅಂತ ಒಂಬತ್ತನೇ ಕ್ಲಾಸಿನ ಮಗಳನ್ನು ಎಬ್ಬಿಸಿ ಬೆಳಗ್ಗೆ ಐದೂವರೆಗೆ ಕೆಳಗಿಳಿದೆ.

ರಿಮೋಟ್ ಕೀ ಒತ್ತಿದೆ. ಬಾಗಿಲು ತೆಗೆಯಲಿಲ್ಲ. ಇನ್ನೊಮ್ಮೆ, ಹತ್ತಿರದಿಂದ, ಗಟ್ಟಿಯಾಗಿ. ಇಲ್ಲ. ಮೇಲೆ ಹೋಗಿ ಡ್ರಾಯರಿನಲ್ಲಿದ್ದ ಎರಡನೇ ಕೀ ತಂದೆ. ಅದೂ ಸತ್ತಿತ್ತು. ಕೊನೆಗೆ ಕೀಯ ಹೊಟ್ಟೆಯೊಳಗೆ ಅಡಗಿರುವ ಲೋಹದ ಕೀ ಎಳೆದು ಬಾಗಿಲು ತೆಗೆದೆ. ಎಂಜಿನ್ ಮಾತ್ರ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಹಳದಿ ದೀಪ ಎಂದಿನಂತೆ ಒಂದು ನಿಮಿಷ ಮಿಟುಕಿ, ಆಮೇಲೆ ನಿಂತು ಉರಿಯಿತು. ನೋಡಿದೆ, ನೋಡಲಿಲ್ಲ.

ಶ್ರೀಪೆರುಂಬುದೂರು, ಕಾಂಚೀಪುರಂ, ವೇಲೂರು ದಾಟಿತು. ಪಳ್ಳಿಕೊಂಡ ಟೋಲ್ ಆದ ಮೇಲೆ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಅಪ್ಪಾ, ಹಿಂದೆ ಏನೋ ಪಟಪಟ ಸದ್ದು ಬರ್ತಿದೆ, ಕೇಳಿಸ್ತಿಲ್ವಾ?" ಅಂದಳು. ರಸ್ತೆ ಸರಿಯಿಲ್ಲ ಅಂದೆ. ಎರಡು ನಿಮಿಷ ಬಿಟ್ಟು, "ಕಾರು ಎಡಕ್ಕೆ ಹೋಗ್ತಿದೆ ಅಪ್ಪಾ" ಅಂದಳು. ಆಗ ಸ್ಟಿಯರಿಂಗ್ ಹಿಡಿದ ಕೈಗೂ ಗೊತ್ತಾಯಿತು. ಆಂಬೂರು ಹತ್ತಿರ ಒಂದು ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದೆ.

ಹಿಂದಿನ ಎಡ ಟೈರಿನಲ್ಲಿ 36 ಪಿಎಸ್‌ಐ ಇರಬೇಕಾದಲ್ಲಿ 19 ಇತ್ತು. ಒಂದು ಮೊಳೆ. ಅಂಗಡಿಯಾತ ಟೈರನ್ನು ರಿಮ್ಮಿನಿಂದ ಬಿಡಿಸಿ ಒಳಗೆ ಕೈ ಹಾಕಿದ. ಅಂಗೈ ತುಂಬ ಕಪ್ಪು ಪುಡಿ ಬಂತು. ಗಾಳಿಯಿಲ್ಲದೆ ಓಡಿದ್ದಕ್ಕೆ ಟೈರಿನ ಗೋಡೆ ಒಳಗೊಳಗೇ ಅರೆದುಹೋಗಿತ್ತು. "ಮೊಳೆ ತೂತು ಮುಚ್ಚಬಹುದು ಸಾರ್, ಆದರೆ ಇದನ್ನ ಹಾಕಿ ಕಳಿಸೋಕೆ ನನಗೆ ಮನಸ್ಸಿಲ್ಲ. ಇನ್ನು ಹತ್ತು ಕಿಲೋಮೀಟರ್ ಹೋಗಿದ್ರೆ ಒಡೀತಿತ್ತು" ಅಂದ ತಮಿಳಿನಲ್ಲಿ. ಆಮೇಲೆ ಮಗಳ ಕಡೆ ನೋಡಿ ಸುಮ್ಮನಾದ. ಆ ಅಳತೆಯ ಟೈರು ಸುತ್ತಮುತ್ತ ಎಲ್ಲೂ ಸಿಗಲಿಲ್ಲ. ಕಾರನ್ನು ಅವನ ಅಂಗಡಿ ಮುಂದೆ ಬಿಟ್ಟು ನಾವಿಬ್ಬರೂ ಬೆಂಗಳೂರಿನ ಬಸ್ಸು ಹತ್ತಿದೆವು. ಆಸ್ಪತ್ರೆ ತಲುಪಿದಾಗ ಅಮ್ಮನ ಆಪರೇಷನ್ ಮುಗಿದಿತ್ತು. ಒಳಗೆ ಹೋಗುವಾಗ ಬಾಗಿಲ ಕಡೆಗೇ ನೋಡುತ್ತಿದ್ದರಂತೆ.

ವಾರದ ನಂತರ ಕಾರು ಟ್ರಕ್ಕಿನ ಮೇಲೆ ಚೆನ್ನೈಗೆ ಬಂತು. ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಹಿಂದಿನ ಎರಡಕ್ಕೂ ಹೊಸ ಟೈರು ಹಾಕಿಸಿದೆ. ಕೀ ಮತ್ತು ದೀಪ ಎರಡನ್ನೂ ಸರಿಮಾಡದೆ ಈ ಕಾರು ಗೇಟು ದಾಟುವುದಿಲ್ಲ ಅಂತ ಮನೆಯಲ್ಲಿ ಆಜ್ಞೆಯಾಗಿತ್ತು. ಆ ಎರಡು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಸ್ಪೋರ್ಟ್ಸ್ ಕಾರೇ ಆಗಬೇಕಿಲ್ಲ, ಹತ್ತು ವರ್ಷ ದಾಟಿದ ಯಾವ ಕಾರಿಗಾದರೂ ಇದು ಬರುತ್ತದೆ.

ಮೊದಲು ಕಾರಿನ ದೊಡ್ಡ ಬ್ಯಾಟರಿ ನೋಡಿ. ವಾರಗಟ್ಟಲೆ ನಿಲ್ಲುವ ಕಾರಿನಲ್ಲಿ ಅದು ಸೊರಗಿದ್ದರೆ ಕೀಯೂ ಕೇಳುವುದಿಲ್ಲ, ಸಂಬಂಧವಿಲ್ಲದ ದೀಪಗಳೂ ಹೊತ್ತಿಕೊಳ್ಳುತ್ತವೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ 12.6 ವೋಲ್ಟಿನ ಆಸುಪಾಸು ತೋರಿಸಿದರೆ ತುಂಬಿದೆ ಎಂದರ್ಥ, 12.2 ಅಂದರೆ ಅರ್ಧ ಖಾಲಿ. ನನ್ನದು ಸರಿಯಿತ್ತು.

ಇನ್ನು ಕೀ. ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಬೇರೆ ಬೇರೆ ಆಸಾಮಿಗಳಿದ್ದಾರೆ ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು. ಬಟನ್ ಒತ್ತಿದಾಗ ರೇಡಿಯೋ ಸಂಕೇತ ಕಳಿಸುವವನು ಒಬ್ಬ, ಅವನಿಗೆ ನಾಣ್ಯದಂಥ ಬ್ಯಾಟರಿ ಬೇಕು. ಎಂಜಿನ್ ಶುರುವಾಗಲು ಒಪ್ಪಿಗೆ ಕೊಡುವ ಚಿಪ್ ಇನ್ನೊಬ್ಬ. ಕೀ ಹಾಕುವ ಜಾಗದ ಸುತ್ತ ಇರುವ ಸುರುಳಿಯಿಂದಲೇ ಅವನು ಶಕ್ತಿ ಪಡೆಯುತ್ತಾನೆ, ಬ್ಯಾಟರಿ ಬೇಡ. ಅದಕ್ಕೇ ಅವತ್ತು ಬಾಗಿಲು ತೆಗೆಯದಿದ್ದರೂ ಎಂಜಿನ್ ಹೊತ್ತಿತು. ಮೂರನೆಯವನು ಲೋಹದ ಕೀ. ಬಾಗಿಲು ತೆಗೆದು ಎಂಜಿನ್ ಶುರುವಾಗದಿದ್ದರೆ ಚಿಪ್ಪನ್ನು ಅನುಮಾನಿಸಿ. ಎಂಜಿನ್ ಶುರುವಾಗಿ ಬಾಗಿಲು ತೆಗೆಯದಿದ್ದರೆ ಬ್ಯಾಟರಿಯನ್ನೋ ಬಟನ್ನನ್ನೋ ಅನುಮಾನಿಸಿ. ಬಟನ್ ಒತ್ತಿ ಶುರುಮಾಡುವ ಕಾರುಗಳಲ್ಲೂ ಕೀಯ ಬ್ಯಾಟರಿ ಸತ್ತಾಗ ಅದನ್ನು ಎಲ್ಲಿ ಇಡಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ. ಇವತ್ತೇ ಓದಿಡಿ. ಮಳೆಯಲ್ಲಿ ನಿಂತು ಓದುವ ಪುಟವಲ್ಲ ಅದು.

ಎರಡನೇ ಕೀ ಇರುವುದೇ ಪರೀಕ್ಷೆಗೆ. ಒಂದು ಕೆಲಸ ಮಾಡಿ ಇನ್ನೊಂದು ಮಾಡದಿದ್ದರೆ ದೋಷ ಕೀಯಲ್ಲಿ; ಒಳ್ಳೆಯ ಬ್ಯಾಟರಿಯಿರುವ ಎರಡೂ ಸೋತರೆ ದೋಷ ಕಾರಿನಲ್ಲಿ. ನಾನು ವರ್ಷಗಟ್ಟಲೆ ಅದನ್ನು ಡ್ರಾಯರಿನಲ್ಲಿ ಕೊಳೆಸಿದ್ದರಿಂದ ಆ ಬೆಳಗ್ಗೆ ಅದು ಸಾಕ್ಷಿ ಹೇಳಲಿಲ್ಲ. ಹೊಸ ಸಿಆರ್2032 ಬ್ಯಾಟರಿ ಹಾಕಿದ ಮೇಲೆ ಆ ಕೀ ಸರಿಹೋಯಿತು. ಮೊದಲನೆಯದಕ್ಕೆ ಅದೇ ಬ್ಯಾಟರಿ ಹಾಕಿದರೆ ಲಾಕ್ ಆಗುತ್ತಿತ್ತು, ಅನ್‌ಲಾಕ್ ಆಗುತ್ತಿರಲಿಲ್ಲ. ಅಂದರೆ ಒಂದೇ ಬಟನ್ನು ಸತ್ತಿದೆ.

ಡಬ್ಬಿ ಬಿಚ್ಚಿದಾಗ ಕಾರಣ ಕಂಡಿತು. ಬೋರ್ಡಿನ ಮೇಲೆ ಹಸಿರು ಕಿಲುಬು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನಮ್ಮ ಬಡಾವಣೆಯವರೆಲ್ಲ ಮಾಡಿದಂತೆ ನಾನೂ ಕಾರನ್ನು ವೇಳಚ್ಚೇರಿ ಫ್ಲೈಓವರ್ ಮೇಲೆ ನಿಲ್ಲಿಸಿ, ಸೊಂಟದುದ್ದ ನೀರಿನಲ್ಲಿ ಮನೆಗೆ ನಡೆದಿದ್ದೆ. ಕೀ ಪ್ಯಾಂಟಿನ ಜೇಬಿನಲ್ಲಿತ್ತು. ಮನೆಗೆ ಬಂದು ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅಕ್ಕಿಯಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ನೀರಿಗೆ ಬಿದ್ದ ಕೀಯ ಬ್ಯಾಟರಿಯನ್ನು ತಕ್ಷಣ ತೆಗೆಯಬೇಕು. ನೀರು ಮತ್ತು ವಿದ್ಯುತ್ತು ಸೇರಿದಾಗಲೇ ತಾಮ್ರ ಬೇಗ ಕಿಲುಬು ಹಿಡಿಯುವುದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತೊಳೆದೆ. ರಿಚಿ ಸ್ಟ್ರೀಟಿನಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಸ್ವಿಚ್ ತಂದು, ಅಲ್ಲೇ ಮೊಬೈಲ್ ರಿಪೇರಿ ಮಾಡುವವರ ಕೈಯಲ್ಲಿ ಬೆಸುಗೆ ಹಾಕಿಸಿದೆ. ಹೊಸ ಕೀಯೇ ಬೇಕು ಅಂತ ಸರ್ವಿಸ್ ಸೆಂಟರಿನವರು ಹೇಳಿದ್ದ ಜಾಗದಲ್ಲಿ ಕೆಲಸ ನೂರು ರೂಪಾಯಿಯೊಳಗೆ ಮುಗಿಯಿತು.

ಇನ್ನು ಆ ದೀಪ. ಟೈರಿನ ಗಾಳಿ ಅಳೆಯುವ ವ್ಯವಸ್ಥೆಯಲ್ಲಿ ಎರಡು ಜಾತಿ. ಒಂದರಲ್ಲಿ ಚಕ್ರದೊಳಗೆ ಸೆನ್ಸರ್ ಇರುವುದೇ ಇಲ್ಲ. ಗಾಳಿ ಇಳಿದ ಚಕ್ರ ಕೊಂಚ ವೇಗವಾಗಿ ತಿರುಗುವುದನ್ನು ಎಬಿಎಸ್ ಗಮನಿಸಿ ಹೇಳುತ್ತದೆ. ಅದರಲ್ಲಿ ಗಾಳಿ ತುಂಬಿಸಿದ ಮೇಲೆ ರೀಸೆಟ್ ಮಾಡುವುದು ನಿಮ್ಮ ಕೆಲಸ. ಇನ್ನೊಂದರಲ್ಲಿ ಪ್ರತಿ ಚಕ್ರದೊಳಗೂ ವಾಲ್ವಿಗೆ ಅಂಟಿಕೊಂಡ ಸೆನ್ಸರ್ ಇದ್ದು, ಒತ್ತಡವನ್ನು ರೇಡಿಯೋದಲ್ಲಿ ಹೇಳುತ್ತಿರುತ್ತದೆ. ಅದರ ಬ್ಯಾಟರಿಯನ್ನು ಅಂಟಿನೊಳಗೆ ಮುಚ್ಚಿಬಿಟ್ಟಿರುತ್ತಾರೆ, ಬದಲಿಸಲು ಬರುವುದಿಲ್ಲ. ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಬರುತ್ತದೆ.

ನನಗೆ ಗೊತ್ತಿಲ್ಲದೇ ಇದ್ದದ್ದು ದೀಪದ ಭಾಷೆ. ಈ ಎರಡನೇ ಜಾತಿಯ ಬಹುತೇಕ ಕಾರುಗಳಲ್ಲಿ, ಶುರುಮಾಡಿದಾಗ ದೀಪ ಒಂದು ನಿಮಿಷದಿಂದ ಒಂದೂವರೆ ನಿಮಿಷ ಮಿಟುಕಿ ಆಮೇಲೆ ನಿಂತು ಉರಿದರೆ, "ನನ್ನ ವ್ಯವಸ್ಥೆಯೇ ಕೆಟ್ಟಿದೆ" ಎಂದರ್ಥ. ಮಿಟುಕದೆ ನೇರವಾಗಿ ಉರಿದರೆ, "ಗಾಳಿ ಕಮ್ಮಿಯಿದೆ" ಎಂದರ್ಥ. ನನ್ನ ಕಾರು ವರ್ಷಗಟ್ಟಲೆ ಮೊದಲನೆಯದನ್ನು ಹೇಳುತ್ತಲೇ ಇತ್ತು.

ಟೈರು ಅಂಗಡಿಯವರು ಫೋನಿನಂಥ ಒಂದು ಉಪಕರಣವನ್ನು ಪ್ರತಿ ವಾಲ್ವಿನ ಹತ್ತಿರ ಹಿಡಿದು ನಿದ್ದೆ ಮಾಡುತ್ತಿದ್ದ ಸೆನ್ಸರುಗಳನ್ನು ಎಬ್ಬಿಸಿದರು. ಹಿಂದಿನ ಬಲಗಡೆಯದು ಉಸಿರೇ ಬಿಡಲಿಲ್ಲ, ಬ್ಯಾಟರಿ ಮುಗಿದಿತ್ತು. ಮುಂದಿನ ಬಲಗಡೆಯದು ಮಾತಾಡಿತು, ಆದರೆ 315 ಮೆಗಾಹರ್ಟ್ಸಿನಲ್ಲಿ. ಅದು ಅಮೆರಿಕದ ಕಾರುಗಳಲ್ಲಿ ಹೆಚ್ಚಾಗಿ ಬಳಸುವ ತರಂಗಾಂತರ. ನನ್ನ ಕಾರಿನ ಕಿವಿ 433ಕ್ಕೆ. ಹಿಂದಿನ ಮಾಲೀಕರು ಯಾರೋ ಆನ್‌ಲೈನಿನಲ್ಲಿ ನೋಡಲು ಒಂದೇ ಥರ ಇದ್ದದ್ದನ್ನು ತರಿಸಿ ಹಾಕಿಸಿರಬೇಕು. ಉಳಿದ ಎರಡೂ ಚೆನ್ನಾಗಿದ್ದವು.

ಉಳಿದ ಎರಡರಲ್ಲಿ ಒಂದು ಹಿಂದಿನ ಎಡಗಡೆಯದು. ಮೊಳೆ ಚುಚ್ಚಿದ ಅದೇ ಚಕ್ರದ್ದು.

ಇದನ್ನು ಕೇಳಿ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಅವತ್ತು ಗಾಳಿ ಇಳಿಯುತ್ತಿದ್ದಾಗ ಆ ಸೆನ್ಸರ್ ಅದನ್ನು ಹೇಳುತ್ತಲೇ ಇದ್ದಿರಬೇಕು. ಹೇಳಲು ಕಾರಿನ ಹತ್ತಿರ ಇದ್ದದ್ದು ಒಂದೇ ದೀಪ. ಆ ದೀಪ ಆಗಲೇ ಇನ್ನೆರಡು ಚಕ್ರಗಳ ದೂರಿಗೆ ಉರಿಯುತ್ತಿತ್ತು. ನಿಜವಾದ ಅಪಾಯ ಬಂದಾಗ ಅದು ಇನ್ನೂ ಹೆಚ್ಚು ಉರಿಯಲು ಸಾಧ್ಯವಿರಲಿಲ್ಲ. ಎಚ್ಚರಿಸಿದ್ದು ಮಗಳ ಕಿವಿ.

ನಾಲ್ಕನ್ನೂ ಬದಲಿಸಿದೆ, ಚೆನ್ನಾಗಿದ್ದವಕ್ಕೂ ವಯಸ್ಸಾಗಿತ್ತು, ಟೈರು ಬಿಚ್ಚುವ ಕೂಲಿ ಎರಡು ಸಲ ಏಕೆ? ಪ್ರೋಗ್ರಾಂ ಮಾಡಬಹುದಾದ 433 ಮೆಗಾಹರ್ಟ್ಸಿನ ಸೆನ್ಸರುಗಳು, ನಾಲ್ಕಕ್ಕೆ 16,000 ರೂಪಾಯಿ ಆಯಿತು. ಹೊಸ ಗುರುತಿನ ಸಂಖ್ಯೆಗಳನ್ನು ಕಾರಿಗೆ ಕಲಿಸಿಕೊಟ್ಟ ಮೇಲೆ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದಾಗ ದೀಪ ಆರಿತು. ಡ್ಯಾಶ್‌ಬೋರ್ಡು ಅಷ್ಟು ಕತ್ತಲಾಗಿದ್ದನ್ನು ನಾನು ನೋಡಿರಲೇ ಇಲ್ಲ.

ಚೆನ್ನೈಯವರಿಗೆ, ಮಂಗಳೂರು, ಮುಂಬೈಯವರಿಗೂ, ಒಂದು ಮಾತು. ಈ ಸೆನ್ಸರುಗಳ ವಾಲ್ವು ಅನೇಕ ಸಲ ಅಲ್ಯೂಮಿನಿಯಂನದು. ಅದಕ್ಕೆ ಹೊಳೆಯುವ ಹಿತ್ತಾಳೆ ಮುಚ್ಚಳವನ್ನೋ ಸಾದಾ ಹಿತ್ತಾಳೆ ಪಿನ್ನನ್ನೋ ಹಾಕಿದರೆ ಕಡಲ ಗಾಳಿಗೆ ಎರಡು ಲೋಹ ಒಂದನ್ನೊಂದು ಕಚ್ಚಿಕೊಂಡು ಕೂರುತ್ತವೆ. ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ. ನಿಕಲ್ ಲೇಪನದ ಪಿನ್ನು, ಪ್ಲಾಸ್ಟಿಕ್ ಮುಚ್ಚಳ ಸಾಕು. ಪಂಕ್ಚರ್ ದ್ರವ ಹಾಕಿದ್ದರೆ ಟೈರು ಬಿಚ್ಚುವವರಿಗೆ ಮೊದಲೇ ಹೇಳಿ, ಅದು ಸೆನ್ಸರಿನ ರಂಧ್ರ ಮುಚ್ಚಬಹುದು.

ದೀಪ ಆರಿದೆ ಅಂತ ಗೇಜು ಬಿಸಾಡಬೇಡಿ. 2000ದಲ್ಲಿ ಅಮೆರಿಕದಲ್ಲಿ ಟೈರು ಕಿತ್ತು ಕಾರುಗಳು ಪಲ್ಟಿಯಾದ ಸಾವುಗಳ ನಂತರ ಬಂದ ಕಾಯ್ದೆಯಿಂದ ಅಲ್ಲಿ ಈ ವ್ಯವಸ್ಥೆ ಕಡ್ಡಾಯವಾಯಿತು. ಅಲ್ಲಿನ ನಿಯಮದ ಪ್ರಕಾರವೂ ಗಾಳಿ ಶೇ. 25ರಷ್ಟು ಇಳಿದ ಮೇಲೆ ದೀಪ ಹೊತ್ತಿದರೆ ಸಾಕು. 36 ಇರಬೇಕಾದಲ್ಲಿ 27 ಆಗುವವರೆಗೂ ಅದು ಸುಮ್ಮನಿರಬಹುದು. ಬೆಳಗ್ಗೆ ಟೈರು ತಣ್ಣಗಿದ್ದಾಗ ಗಾಳಿ ನೋಡಿ. ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಹೆದ್ದಾರಿಯಲ್ಲಿ ಏರಿದ್ದನ್ನು ಕಂಡು ಗಾಳಿ ಬಿಡಬೇಡಿ. ನಮ್ಮಲ್ಲೂ 2020ರ ನಿಯಮದ ನಂತರ ಈ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಆ ದೀಪದ ಮಾತಿಗೆ ಎಷ್ಟು ಬೆಲೆ ಅಂತ ಈಗ ನನಗೆ ಯಾರೂ ಹೇಳಬೇಕಿಲ್ಲ.

ಹೋದ ವಾರ ಅಮ್ಮನನ್ನು ನೋಡಲು ಅದೇ ಕಾರಿನಲ್ಲಿ, ಅದೇ ದಾರಿಯಲ್ಲಿ ಹೋದೆವು. ಹೊರಡುವ ಮುಂಚೆ ಮಗಳೇ ಗೇಜು ಹಿಡಿದು ನಾಲ್ಕೂ ಟೈರು ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಆಂಬೂರಿನಲ್ಲಿ ನಿಲ್ಲಿಸಿ ಪಂಕ್ಚರ್ ಅಂಗಡಿಯವನಿಗೆ ಒಂದು ಸಿಹಿ ಡಬ್ಬಿ ಕೊಟ್ಟೆವು. ಅವನು ಒಳಗೆ ಬಗ್ಗಿ ಡ್ಯಾಶ್‌ಬೋರ್ಡು ನೋಡಿ ತಲೆಯಾಡಿಸಿದ. ಬೆಂಗಳೂರಿನಲ್ಲಿ ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಈ ಸಲ ಹೊತ್ತಿಗೆ ಸರಿಯಾಗಿ ಬಂದ್ಯಲ್ಲೋ" ಅಂದರು.

ನಿಮ್ಮ ಕಾರಿನಲ್ಲೂ ಯಾವುದಾದರೂ ದೀಪ "ಅಪ್ಪಡಿತಾನ್" ಉರಿಯುತ್ತಿದ್ದರೆ, ಈ ಭಾನುವಾರ ಅದನ್ನು ವಿಚಾರಿಸಿಕೊಳ್ಳಿ.