ಕಾಲ ಕೆಟ್ಟಿಲ್ಲ, ಮಳೆಯ ಲೆಕ್ಕ ತಪ್ಪಿದೆ: ಅಡಿಕೆ ತೋಟಕ್ಕೆ ಬೇಕು ಎರಡು ಕ್ಯಾಲೆಂಡರ್

“ಈಗ ಕಾಲವೇ ಸರಿ ಇಲ್ಲ ಮಾರಾಯ್ರೆ.” ನಮ್ಮ ಸುಳ್ಯ ಕಡೆ ಎಲ್ಲಿ ಹೋದರೂ ಇದೇ ಮಾತು. ಸೊಸೈಟಿಯಲ್ಲಿ ಗೊಬ್ಬರಕ್ಕೆ ನಿಂತಾಗಲೂ ಅದೇ, ವಾಟ್ಸಾಪ್ ಗುಂಪಿನಲ್ಲೂ ಅದೇ. ಅಜ್ಜಾವರದಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಈ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಮಳೆಯ ಲೆಕ್ಕ ತಪ್ಪಿದೆ, ನಿಜ. ಆದರೆ ಕಾಲಗಳನ್ನು ಮಾಡುವ ಸೂರ್ಯನ ಓಡಾಟ ನಮ್ಮ ಅಜ್ಜಂದಿರು ಕಂಡ ಹಾಗೆಯೇ ಇದೆ. ಎರಡನ್ನೂ ಒಂದೇ ಎಂದುಕೊಂಡು ಕೆಲಸ ಮಾಡಿದರೆ ತೋಟದಲ್ಲಿ ಎರಡು ಕಡೆಯಿಂದಲೂ ನಷ್ಟ.

ಹತ್ತಿರ ಬಂದದ್ದಕ್ಕೆ ಬೇಸಿಗೆ ಅಲ್ಲ

ಭೂಮಿ ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ, ದೂರವಾದಾಗ ಚಳಿ ಎಂದು ಓದಿದವರೂ ಹೇಳುವುದುಂಟು. ಅದು ಹಾಗಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ. ನಮ್ಮಲ್ಲಿ ಬೆಳಿಗ್ಗೆ ಚಳಿಗೆ ಹೊದ್ದು ಮಲಗುವ ಸಮಯ ಅದು. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ.

ಕಾರಣ ಇರುವುದು ಭೂಮಿಯ ವಾಲಿಕೆಯಲ್ಲಿ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ, ವಾಲಿದ ದಿಕ್ಕು ವರ್ಷವಿಡೀ ಒಂದೇ. ಹಾಗಾಗಿ ಸೂರ್ಯನಿಗೆ ಸುತ್ತು ಬರುವಾಗ ಜೂನ್‌ನಲ್ಲಿ ಉತ್ತರದ ಅರ್ಧ ಸೂರ್ಯನ ಕಡೆಗಿರುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣದ ಅರ್ಧ. ಮೊಬೈಲ್ ಟಾರ್ಚನ್ನು ನೆಲಕ್ಕೆ ನೆಟ್ಟಗೆ ಹಿಡಿದು ನೋಡಿ, ಆಮೇಲೆ ಓರೆ ಮಾಡಿ. ಓರೆಯಾದಾಗ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕಾಗುತ್ತದೆ. ಬಿಸಿಲೂ ಹಾಗೆಯೇ.

ಅಜ್ಜಾವರ ಇರುವುದು ಸಮಭಾಜಕದಿಂದ ಸುಮಾರು 12.5 ಡಿಗ್ರಿ ಉತ್ತರಕ್ಕೆ. ಇಲ್ಲಿ ಹಗಲಿನ ಉದ್ದದಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಆದರೆ ಬಿಸಿಲು ಬರುವ ದಿಕ್ಕು ತುಂಬಾ ಬದಲಾಗುತ್ತದೆ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ ನಾಲ್ಕನೇ ವಾರ ಮತ್ತು ಆಗಸ್ಟ್ ಮೂರನೇ ವಾರ. ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಉತ್ತರಕ್ಕಿರುವ ನಾಲ್ಕು ತಿಂಗಳಲ್ಲಿ ಹೆಚ್ಚಿನ ದಿನ ಮಳೆ, ಮೋಡ. ಅಂದರೆ ನಮ್ಮ ತೋಟಕ್ಕೆ ಬೀಳುವ ಗಟ್ಟಿ ಬಿಸಿಲು ಬಹುತೇಕ ದಕ್ಷಿಣದಿಂದ ಬರುವಂಥದ್ದು.

ಸೂರ್ಯನ ಕ್ಯಾಲೆಂಡರ್

ಇದು ಬರೀ ಶಾಲೆಯ ಪಾಠ ಅಲ್ಲ. ಅಕ್ಟೋಬರ್‌ನಲ್ಲಿ ಮೋಡ ಸರಿಯುವಾಗ ಸೂರ್ಯ ಆಗಲೇ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನ ಮೇಲಿನ ಬಿಸಿಲು ನೈಋತ್ಯದ ಕಡೆಯಿಂದ ಓರೆಯಾಗಿ ಬಂದು ಅಂಚಿನ ಅಡಿಕೆ ಮರಗಳ ಕಾಂಡಕ್ಕೇ ಹೊಡೆಯುತ್ತದೆ. ಮೊದಲು ಹಳದಿ ಮಚ್ಚೆ, ಆಮೇಲೆ ಕಂದು, ಮತ್ತೆ ಉದ್ದಕ್ಕೆ ಸೀಳು. ಒಂದು ದಿನ ಗಾಳಿಗೆ ಮರ ಮುರಿದು ಬೀಳುತ್ತದೆ. ಒಮ್ಮೆ ಸೀಳಿದ ಕಾಂಡ ಮತ್ತೆ ಕೂಡುವುದಿಲ್ಲ. ರಸ್ತೆಗೋ ಕರೆಂಟ್ ಲೈನಿಗೋ ಎಂದು ನೈಋತ್ಯ ಬದಿಯ ಮರ ಕಡಿದ ತೋಟಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ಮಳೆ ಮುನ್ಸೂಚನೆ ನೋಡುತ್ತಾ ಕೂರಬೇಕಾಗಿಲ್ಲ, ತಾರೀಕು ಮೊದಲೇ ಗೊತ್ತಿದೆ. ಅಕ್ಟೋಬರ್ ಮುಗಿಯುವುದರೊಳಗೆ ದಕ್ಷಿಣ ಮತ್ತು ನೈಋತ್ಯ ಅಂಚಿನ ಮರಗಳಿಗೆ ಸೋಗೆ ಅಥವಾ ಹಾಳೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ಬೇಗ ಬೆಳೆಯುವ ನೆರಳಿನ ಮರ ನೆಡುವುದಿದ್ದರೂ ಅದೇ ಬದಿಗೆ. ಹೊಸ ತೋಟಕ್ಕೆ ಸಿಪಿಸಿಆರ್‌ಐ ಶಿಫಾರಸು ಇನ್ನೂ ಒಂದು ಹೆಜ್ಜೆ ಮುಂದಿದೆ: ಸಾಲು ನೇರ ಉತ್ತರ–ದಕ್ಷಿಣ ಬೇಡ, ಆ ರೇಖೆಯಿಂದ ಪಶ್ಚಿಮಕ್ಕೆ 35 ಡಿಗ್ರಿ ಓರೆ ಇರಲಿ. ಆಗ ಒಂದು ಮರದ ನೆರಳು ಇನ್ನೊಂದರ ಕಾಂಡವನ್ನು ಕಾಯುತ್ತದೆ. ಮೊಬೈಲಿನ ದಿಕ್ಸೂಚಿಯಲ್ಲೇ ಇದನ್ನು ಅಳೆಯಬಹುದು. ಗುಂಡಿ ತೆಗೆಯುವ ಮೊದಲಿನ ಹತ್ತು ನಿಮಿಷದ ಕೆಲಸ, ಫಲ ಮರ ಇರುವಷ್ಟು ವರ್ಷ.

ಸೋಲಾರ್ ಪಂಪ್ ಹಾಕುವವರೂ ಕೇಳಿ. ಏಪ್ರಿಲ್‌ನಲ್ಲಿ ಜಾಗ ನೋಡಿ “ಇಲ್ಲಿ ನೆರಳೇ ಇಲ್ಲ” ಎಂದು ತೀರ್ಮಾನಿಸಬೇಡಿ. ಡಿಸೆಂಬರ್ 21ರ ಹೊತ್ತಿಗೆ 40 ಅಡಿಯ ಮರ ಮಧ್ಯಾಹ್ನ ಹನ್ನೆರಡೂವರೆಗೂ ಉತ್ತರಕ್ಕೆ ಸುಮಾರು 29 ಅಡಿ ನೆರಳು ಚೆಲ್ಲುತ್ತದೆ. ನಮಗೆ ನೀರು ಬೇಕಾದದ್ದು ಆ ತಿಂಗಳುಗಳಿಂದ ಮುಂದಕ್ಕೇ. ಪ್ಯಾನೆಲ್ ಮುಖ ದಕ್ಷಿಣಕ್ಕಿರಲಿ, ಅದರ ದಕ್ಷಿಣಕ್ಕೆ ಮರ ಇರದಿರಲಿ. ಅಡಿಕೆ ಒಣಗಿಸುವ ಅಂಗಳಕ್ಕೂ ಇದೇ ಲೆಕ್ಕ.

ಮಳೆಯ ಕ್ಯಾಲೆಂಡರ್

ಮಳೆಗೂ ಮೂಲ ಸೂರ್ಯನೇ. ಸೂರ್ಯ ಉತ್ತರಕ್ಕೆ ಬಂದಾಗ ಉತ್ತರ ಭಾರತದ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ನೆಲದ ಮೇಲೆ ಗಾಳಿಯ ಒತ್ತಡ ಇಳಿದು, ಕಡಲಿನ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದು ಬಾಗಿ ನೈಋತ್ಯದಿಂದ ಬರುತ್ತದೆ, ಘಟ್ಟಕ್ಕೆ ತಾಗಿ ಮೇಲೇರಿ ನಮ್ಮಲ್ಲಿ ಸುರಿಯುತ್ತದೆ. ಆದರೆ ಸೂರ್ಯನಿಗೂ ಮಳೆಗೂ ನಡುವೆ ಸಮುದ್ರದ ಬಿಸಿ, ಗಾಳಿಯ ಬಲ, ವಾಯುಭಾರ ಕುಸಿತ ಎಲ್ಲ ಸೇರಿಕೊಳ್ಳುತ್ತವೆ. ಹಾಗಾಗಿ ಸೂರ್ಯ ಹೇಳಿದ ದಿನಕ್ಕೆ ಬಂದರೂ ಮಳೆ ಬರುವುದಿಲ್ಲ.

ಲೆಕ್ಕ ನೋಡಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಮೂರು ವರ್ಷದೊಳಗೆ 15 ದಿನಗಳ ಅಂತರ. ಕೊಳೆರೋಗಕ್ಕೆ ಮೊದಲ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು ಎಂಬುದು ಎಲ್ಲರಿಗೂ ಗೊತ್ತು. ಆದರೆ “ಪತ್ತನಾಜೆ ಕಳೆಯಲಿ, ಜೂನ್ ಬರಲಿ” ಎಂದು ಕಾದವರಿಗೆ 2025ರಂಥ ವರ್ಷದಲ್ಲಿ ಒಣ ದಿನವೇ ಸಿಗುವುದು ಕಷ್ಟ.

ಹಿರಿಯರ ತಿಂಗಳ ಲೆಕ್ಕವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಬಿಸು, ಸಂಕ್ರಮಣಗಳು ನಕ್ಷತ್ರಗಳನ್ನು ಹಿಡಿದ ಲೆಕ್ಕ. ಭೂಮಿಯ ಅಕ್ಷ ಬಹಳ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅವು ಋತುವಿನಿಂದ ಹಿಂದೆ ಬೀಳುತ್ತವೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ನಾವು ಮಕರ ಸಂಕ್ರಾಂತಿ ಮಾಡುವುದು ಜನವರಿ 14ರ ಹೊತ್ತಿಗೆ. ಹಬ್ಬ ಹಬ್ಬದ ದಿನವೇ ಆಗಲಿ, ತೋಟದ ಕೆಲಸಕ್ಕೆ ಬೇರೆ ಗುರುತು ಇರಲಿ.

ನನ್ನ ಸಲಹೆ ಇಷ್ಟು. ಬಿಸಿಲಿನ ಕೆಲಸಗಳನ್ನು ಈಗಲೇ ಮೊಬೈಲಿನಲ್ಲಿ ತಾರೀಕು ಹಾಕಿ, ಪ್ರತಿ ವರ್ಷ ನೆನಪಿಸುವ ಹಾಗೆ ಇಟ್ಟುಬಿಡಿ. ಮಳೆಯ ಕೆಲಸಗಳಿಗೆ ತಾರೀಕು ಹಾಕಲೇಬೇಡಿ. ಹವಾಮಾನ ಇಲಾಖೆ ಮೇ ಮಧ್ಯದ ಹೊತ್ತಿಗೆ ಮುಂಗಾರಿನ ಅಂದಾಜು ಕೊಡುತ್ತದೆ, ಮೇಘದೂತ ಆ್ಯಪ್‌ನಲ್ಲಿ ನಮ್ಮ ಜಿಲ್ಲೆಯ ಮುನ್ಸೂಚನೆ ಸಿಗುತ್ತದೆ. ಮೈಲುತುತ್ತು, ಸುಣ್ಣ ಮೇ ಮೊದಲ ವಾರವೇ ಮನೆಗೆ ಬರಲಿ. ಮರ ಹತ್ತುವವರಿಗೂ ಆಗಲೇ ಹೇಳಿಡಿ. ಆಮೇಲೆ ಮಳೆ ಮೇ 24ಕ್ಕೆ ಬರಲಿ, ಜೂನ್ 8ಕ್ಕೆ ಬರಲಿ, ನೀವು ತಯಾರಿರುತ್ತೀರಿ.