ಆಡಿಷನ್ ಎಂದರೆ ಸಿಇಟಿ ಅಲ್ಲ

ಪಿಯುಸಿ ಮುಗಿದ ವರ್ಷ ನಾನು ಎರಡು ಪರೀಕ್ಷೆ ಎದುರಿಸಿದೆ. ಒಂದು ಸಿಇಟಿ. ಇನ್ನೊಂದು, ವಿಶ್ವವಿದ್ಯಾಲಯವೊಂದರ ಸಂಗೀತ ಪದವಿ ಪ್ರವೇಶಕ್ಕೆ ನಡೆದ ಆಡಿಷನ್. ಮೊದಲನೆಯದರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಎರಡನೆಯದರಲ್ಲಿ ಆರೇ ನಿಮಿಷಕ್ಕೆ ಹೊರಗೆ ಬಂದೆ. ಎರಡಕ್ಕೂ ನಾನು ತಯಾರಿ ಮಾಡಿದ್ದು ಒಂದೇ ರೀತಿ. ತಪ್ಪಿದ್ದದ್ದು ಅಲ್ಲೇ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಆಡಿಷನ್ನಿಗೆ ಯಮನ್ ರಾಗ ಆರಿಸಿಕೊಂಡಿದ್ದೆ. ವಿಲಂಬಿತ್ ಏಕತಾಲದಲ್ಲಿ ಒಂದು ಬಂದಿಶ್, ದ್ರುತ್ ತೀನತಾಲದಲ್ಲಿ ಇನ್ನೊಂದು. ದೊಡ್ಡ ಗಾಯಕರ ರೆಕಾರ್ಡಿಂಗ್‌ಗಳನ್ನು ಯೂಟ್ಯೂಬಿನಲ್ಲಿ ಹಿಂದೆ ಮುಂದೆ ಮಾಡಿ ಕೇಳಿ, ಹದಿನಾರು ತಾನಗಳನ್ನು ಸ್ವರ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದಕ್ಕೂ ಕೆಂಪು ಪೆನ್ನಿನ ಗುರುತು ಹಾಕಿದ್ದೆ. ಬೆಳಿಗ್ಗೆ ಫಿಸಿಕ್ಸ್ ಡೆರಿವೇಷನ್ ಬಾಯಿಪಾಠ, ಸಂಜೆ ತಾನ ಬಾಯಿಪಾಠ. ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಒಂದೊಂದು ಸ್ವರವನ್ನೂ ಅದರ ಜೊತೆ ಕೂಡಿಸಿ ನೋಡುತ್ತಿದ್ದೆ. ತಯಾರಿಯಲ್ಲಿ ಕೊರತೆ ಇದೆ ಎಂದು ಒಮ್ಮೆಯೂ ಅನಿಸಲಿಲ್ಲ.

ಕೋಣೆಯಲ್ಲಿ ಮೂವರು ಪ್ರಾಧ್ಯಾಪಕರು, ಒಬ್ಬರು ತಬಲಾದವರು. ನನ್ನ ಮೂರನೇ ತಾನ ಮುಗಿಯುವ ಹೊತ್ತಿಗೆ ಒಬ್ಬರು ಕೈಯೆತ್ತಿ ನಿಲ್ಲಿಸಿದರು. 'ತಾನ ಸಾಕಪ್ಪಾ. ಗಾಂಧಾರದ ಮ್ಯಾಲೆ ಸ್ವಲ್ಪ ನಿಲ್ಲು, ನೋಡೋಣ' ಎಂದರು. ನಿಂತೆ. ತಂಬೂರಿ ಒಂದು ಕಡೆ, ನನ್ನ ದನಿ ಒಂದು ಕಡೆ. ನಾಲ್ಕು ಸೆಕೆಂಡು ದಾಟುವ ಮೊದಲೇ ಗಂಟಲು ನಡುಗಿತು. ಆಮೇಲೆ ಝಪತಾಲದ ಠೇಕಾ ಕೈಯಲ್ಲಿ ಹಾಕಿ ತೋರಿಸು ಎಂದರು. ಹತ್ತು ಮಾತ್ರೆ ಎಂದು ಗೊತ್ತಿತ್ತು. ಖಾಲಿ ಆರನೇ ಮಾತ್ರೆಗೆ ಬೀಳಬೇಕು ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. 'ಆಯ್ತು, ಹೋಗಿ ಬಾ' ಎಂದರು. ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಮನೆಗೆ ಬಂದು ಸಿಟ್ಟು ತೋಡಿಕೊಂಡೆ. ಹದಿನಾರು ತಾನ ಕಲಿತು ಹೋದವನ ಬಳಿ ಒಂದೇ ಒಂದು ಸ್ವರ ಕೇಳುವುದು ಯಾವ ನ್ಯಾಯ? ಅವ್ವ ಸುಮ್ಮನೆ ಊಟಕ್ಕೆ ಬಡಿಸಿದಳು. ಅಪ್ಪನಿಗೆ ಒಳಗೊಳಗೇ ಸಮಾಧಾನವಾಯಿತು ಅನಿಸುತ್ತದೆ. ಮರುದಿನವೇ ಎಂಜಿನಿಯರಿಂಗ್ ಕಾಲೇಜಿನ ಫೀಸಿನ ಮಾತು ತೆಗೆದರು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂಗೀತದ ಕ್ಲಾಸಿನಲ್ಲಲ್ಲ, ಕಾಲೇಜಿನ ಲ್ಯಾಬಿನಲ್ಲಿ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಒಂದು ಶಬ್ದವನ್ನು ಅದರೊಳಗಿನ ಕಂಪನಾಂಕಗಳಾಗಿ ಬಿಡಿಸಿ ನೋಡುವ ಪ್ರಯೋಗ ಇತ್ತು. ಎಲ್ಲರೂ ಏನೇನೋ ರೆಕಾರ್ಡ್ ಮಾಡಿ ತಂದರು, ನಾನು ಗುರುಗಳ ಮನೆಯ ತಂಬೂರಿಯ ನಾದ ತಂದೆ. ಪರದೆಯ ಮೇಲೆ ಷಡ್ಜದ ತಂತಿಯೊಂದರಿಂದಲೇ ಸಾಲು ಸಾಲು ಶಿಖರಗಳು ಎದ್ದವು: ಷಡ್ಜ, ಅದರ ಎರಡು ಪಟ್ಟಿನಲ್ಲಿ ಮೇಲಿನ ಷಡ್ಜ, ಮೂರು ಪಟ್ಟಿನಲ್ಲಿ ಪಂಚಮ, ನಾಲ್ಕು ಪಟ್ಟಿನಲ್ಲಿ ಮತ್ತೆ ಷಡ್ಜ, ಐದು ಪಟ್ಟಿನಲ್ಲಿ ಗಾಂಧಾರ! ಯಾರೂ ಗಾಂಧಾರಕ್ಕೆ ತಂತಿ ಕಟ್ಟಿಲ್ಲ, ಆದರೂ ಅದು ಅಲ್ಲಿದೆ. ಹಿರಿಯರು 'ಸ್ವಯಂಭೂ ಗಾಂಧಾರ' ಎನ್ನುವುದು ಇದನ್ನೇ.

ಇನ್ನು ಹಾರ್ಮೋನಿಯಂ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯಲ್ಲಿ ಒಂದು ಸಪ್ತಕವನ್ನು ಸರಿಸಮನಾಗಿ ಹನ್ನೆರಡು ಪಾಲು ಮಾಡಿರುತ್ತಾರೆ. ಒಂದು ಪಾಲನ್ನು 100 ಎಂದುಕೊಂಡರೆ ಅದರ ಗಾಂಧಾರ 400ಕ್ಕೆ ಬರುತ್ತದೆ. ತಂಬೂರಿಯೊಳಗಿನ ಗಾಂಧಾರ ಇರುವುದು ಸುಮಾರು 386ರಲ್ಲಿ. ವ್ಯತ್ಯಾಸ ಬರೀ 14. ವೇಗದ ತಾನದಲ್ಲಿ ಅದು ಯಾರ ಕಿವಿಗೂ ಬೀಳದೆ ಹೋಗಬಹುದು. ಆದರೆ ತಂಬೂರಿಯ ಎದುರು ಆ ಸ್ವರದ ಮೇಲೆ ನಿಂತಾಗ ಮುಚ್ಚಿಡಲು ಆಗುವುದಿಲ್ಲ. ನಾನು ಕೂಡಿಸಿಕೊಂಡಿದ್ದು ಪೆಟ್ಟಿಗೆಯ ಗಾಂಧಾರ, ಅವರು ಕೇಳಿದ್ದು ತಂಬೂರಿಯ ಗಾಂಧಾರ. ಅದೂ ಯಮನ್‌ನಲ್ಲಿ. ಯಮನ್‌ನ ವಾದಿ ಸ್ವರವೇ ಗಾಂಧಾರ. ಅದರ ಮೇಲೆ ನಿಲ್ಲಲು ಬಾರದವನು ರಾಗದ ಅಂಗಳಕ್ಕೂ ಕಾಲಿಟ್ಟಿಲ್ಲ ಎಂದೇ ಅರ್ಥ. ಪ್ರಾಧ್ಯಾಪಕರು ಕೇಳಿದ್ದು ಕೊಂಕು ಪ್ರಶ್ನೆಯಲ್ಲ, ಅತ್ಯಂತ ಸರಳ ಪ್ರಶ್ನೆ. ಅದಕ್ಕೇ ಅದು ಕಷ್ಟವಾಗಿತ್ತು.

ಈಗ ನನ್ನ ಬಳಿ ಆಡಿಷನ್ ಬಗ್ಗೆ ಕೇಳುವ ತಮ್ಮ ತಂಗಿಯರು ಮೊದಲು ಕೇಳುವುದು 'ಎಷ್ಟು ರಾಗ ತಯಾರಿ ಮಾಡಬೇಕು' ಎಂದು. ಸಿಇಟಿ ನಮಗೆ ಕಲಿಸಿದ್ದೇ ಇದನ್ನು: ಸಿಲಬಸ್ ಮುಗಿಸು, ಜಾಸ್ತಿ ಪ್ರಶ್ನೆ ಬಿಡಿಸು. ಆದರೆ ಈ ನೆಲದ ಸಂಗೀತ ಬೆಳೆದದ್ದು ಹಾಗಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಭೀಮಸೇನ ಜೋಶಿಯವರು ವರ್ಷಗಟ್ಟಲೆ ಮುಖ್ಯವಾಗಿ ಕಲಿತದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗ ಎನ್ನುವುದು ನಮ್ಮ ಭಾಗದ ಸಂಗೀತ ವಿದ್ಯಾರ್ಥಿಗಳೆಲ್ಲ ಕೇಳಿ ಬೆಳೆದ ಮಾತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಅದೇ ಗುರುಗಳ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ನಾವೆಲ್ಲ ಭೀಮಸೇನರಾಗಬೇಕು ಎಂದು ನಾನು ಹೇಳುತ್ತಿಲ್ಲ. ಒಂದು ರಾಗದಲ್ಲಿ ಹತ್ತು ನಿಮಿಷ ಪ್ರಾಮಾಣಿಕವಾಗಿ ಇರಲು ಬಂದರೆ ಸಾಕು ಎನ್ನುತ್ತಿದ್ದೇನೆ, ಅಷ್ಟೇ.

ಹಾಗಾಗಿ ನನ್ನ ಈಗಿನ ತಯಾರಿ ಬೇರೆ. ಬೆಳಿಗ್ಗೆ ಅರ್ಧ ಗಂಟೆ ಮಂದ್ರ ಸಪ್ತಕದ ಖರಜ ಅಭ್ಯಾಸ. ಹಾರ್ಮೋನಿಯಂ ಮುಚ್ಚಿಟ್ಟು ಬರೀ ತಂಬೂರಿಯ ಜೊತೆ ಹಾಡುವುದು. ತಂಬೂರಿ ಇಲ್ಲದವರಿಗೆ ಮೊಬೈಲಿನ ಆ್ಯಪ್ ಇದೆ. ಹಾಡಿದ್ದನ್ನು ರೆಕಾರ್ಡ್ ಮಾಡಿ ಮರುದಿನ ಕೇಳುವುದು. ಅದೇ ದಿನ ಕೇಳಬಾರದು, ನಮ್ಮ ತಪ್ಪು ನಮಗೇ ಇಷ್ಟವಾಗಿಬಿಡುತ್ತದೆ. ಹಾಸ್ಟೆಲಿನಿಂದ ಕಾಲೇಜಿಗೆ ನಡೆಯುವಾಗ ಝಪತಾಲ, ಏಕತಾಲ ಕೈಯಲ್ಲಿ ಹಾಕುವುದು. ತಾನಗಳನ್ನು ಬಿಟ್ಟಿಲ್ಲ, ಆದರೆ ಬರೆದುಕೊಳ್ಳುವುದನ್ನು ಬಿಟ್ಟಿದ್ದೇನೆ. ರಾಗದೊಳಗಿನಿಂದ ಹುಟ್ಟಿದರೆ ಹಾಡುತ್ತೇನೆ, ಇಲ್ಲದಿದ್ದರೆ ಸುಮ್ಮನಿರುತ್ತೇನೆ.

ಇಷ್ಟೆಲ್ಲ ವಿದ್ಯಾರ್ಥಿಗಳ ಪಾಲಿನ ಮಾತಾಯಿತು. ವಿಶ್ವವಿದ್ಯಾಲಯಗಳ ಪಾಲಿನದೂ ಒಂದಿದೆ. ನನ್ನ ತಪ್ಪೇನು ಎಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. 'ನೀನು ಪೆಟ್ಟಿಗೆ ಬಿಟ್ಟು ತಂಬೂರಿ ಹಿಡಿ' ಎಂಬ ಒಂದು ಮಾತು ಹೇಳಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು. ನನಗೇನೋ ಲ್ಯಾಬಿನಲ್ಲಿ ಆಕಸ್ಮಿಕವಾಗಿ ತಿಳಿಯಿತು. ಅಂಥ ಆಕಸ್ಮಿಕ ಸಿಗದೆ, 'ನನಗೆ ಸಂಗೀತ ಬರುವುದಿಲ್ಲ' ಎಂದು ಹಾಡುವುದನ್ನೇ ನಿಲ್ಲಿಸಿದವರು ನನ್ನ ಗೆಳೆಯರಲ್ಲೇ ಇದ್ದಾರೆ. ಆಯ್ಕೆಯಾಗದವರಿಗೆ ಕಾರಣವನ್ನು ಒಂದೇ ಒಂದು ಸಾಲಿನಲ್ಲಿ ಬರೆದುಕೊಟ್ಟರೆ ಹೆಚ್ಚು ಖರ್ಚೇನೂ ಬರುವುದಿಲ್ಲ. ಹಾಗೆಯೇ ಆಡಿಷನ್ನಿನಲ್ಲಿ ಏನೇನು ಕೇಳುತ್ತೇವೆ ಎಂಬುದನ್ನೂ ಅರ್ಜಿಯ ಜೊತೆಯೇ ತಿಳಿಸಬಹುದು.

ಗುರುಗಳ ಕೆಳಗೆ ಕ್ರಮವಾಗಿ ಕಲಿತು ಬಂದವರಷ್ಟೇ ಆ ಕೋಣೆಗೆ ಬರುವುದಿಲ್ಲ. ಭಜನೆಯಲ್ಲಿ, ತತ್ವಪದದಲ್ಲಿ, ಊರ ನಾಟಕದಲ್ಲಿ ಹಾಡಿ ಬೆಳೆದವರೂ ಬರುತ್ತಾರೆ. ಅವರಿಗೆ ವಾದಿ ಸಂವಾದಿ ಗೊತ್ತಿರಲಿಕ್ಕಿಲ್ಲ, ಒಂದು ಸ್ವರ ಕೇಳಿಸಿದರೆ ಅದನ್ನು ಸರಿಯಾಗಿ ಹಿಡಿಯುವ ಕಿವಿ ಇರುತ್ತದೆ. ಪದವಿಗೆ ಬರುವ ಹದಿನೆಂಟು ವರ್ಷದ ಹುಡುಗ ಹುಡುಗಿಯರಲ್ಲಿ ನೋಡಬೇಕಾದದ್ದು ಎಷ್ಟು ಕಲಿತಿದ್ದಾರೆ ಎನ್ನುವುದಕ್ಕಿಂತ ಎಷ್ಟು ಕಲಿಯಬಲ್ಲರು ಎನ್ನುವುದನ್ನು. ಕಂಠದ ಇಂಪನ್ನೇ ಅಳತೆ ಮಾಡಿದರೂ ಮೋಸವಾದೀತು. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಡುಸಾಯಿತು. ಅದೇ ದನಿಯನ್ನು ದೇಶ ತಲೆಬಾಗಿ ಕೇಳಿತು.

'ಎಂಜಿನಿಯರಿಂಗ್ ಓದುವವನಿಗೆ ಇದೆಲ್ಲ ಯಾಕೆ, ಹವ್ಯಾಸಕ್ಕೆ ಹಾಡಿಕೊಂಡಿರು' ಎನ್ನುವವರು ಇದ್ದಾರೆ. ತಪ್ಪಿಲ್ಲ. ಆದರೆ ಹವ್ಯಾಸಕ್ಕೆ ಹಾಡುವಾಗ ಯಾರೂ ನಮ್ಮನ್ನು ಕೈಯೆತ್ತಿ ನಿಲ್ಲಿಸುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ. ಕಾಲೇಜಿನ ಫೆಸ್ಟ್‌ನಲ್ಲಿ ಅದೇ ತಾನಗಳಿಗೆ ನನಗೆ ಬಹುಮಾನವೂ ಬಂದಿದೆ. ನನ್ನನ್ನು ಸರಿಯಾಗಿ ಕೇಳಿದ್ದು ಮಾತ್ರ ಆ ಆರು ನಿಮಿಷ.

ಬಿ.ಇ. ಮುಗಿಸಿ ಮತ್ತೊಮ್ಮೆ ಅಂಥದೇ ಒಂದು ಕೋಣೆಯ ಎದುರು ಕುಳಿತುಕೊಳ್ಳಬೇಕು ಎಂದಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಸಲವೂ ಯಮನ್ ಹಾಡುತ್ತೇನೆ. ಆಯ್ಕೆಯಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಗಾಂಧಾರದ ಮೇಲೆ ನಿಲ್ಲು ಎಂದರೆ ಮಾತ್ರ, ಅವರು ಸಾಕು ಎನ್ನುವವರೆಗೂ ನಿಲ್ಲುತ್ತೇನೆ.